ಸೊಸೆಯ ಆಕಾಶ, ಮಾವನ ಇಂಗ್ಲಿಷು

ಮೋಟಾರ್ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವರ ಕಸುಬು. ಸುತ್ತುವಷ್ಟು ಹೊತ್ತೂ ಆ ಮೋಟಾರಿಗೆ ಬುದ್ಧಿ ಹೇಳುತ್ತಲೇ ಇರುತ್ತಿದ್ದರು. 'ನೀರಿಲ್ಲದೆ ಓಡಬೇಡ ಅಂದ್ರೆ ಓಡ್ತೀಯಾ? ಈಗ ಅನುಭವಿಸು' ಎಂದು ಅವರು ಗದರುವುದನ್ನು ಕೇಳಿ ಬೀದಿಯವರು ತಮಾಷೆಗೆ ಮೇಷ್ಟ್ರು ಎಂದು ಹೆಸರಿಟ್ಟರು. ಇವರು ಅದನ್ನು ಗಂಭೀರವಾಗಿಯೇ ತೆಗೆದುಕೊಂಡರು. ಕೂದಲೆಳೆಯಂಥ ತಂತಿ ಕಣ್ಣಿಗೆ ಎರಡೆರಡಾಗಿ ಕಾಣತೊಡಗಿದ ಮೇಲೆ ಅಂಗಡಿಗೆ ಬಾಗಿಲು ಹಾಕಿ, ಸ್ಪ್ಯಾನರು ಇಕ್ಕಳಗಳ ಪೆಟ್ಟಿಗೆಯೊಂದನ್ನು ಮಾತ್ರ ಹೊತ್ತುಕೊಂಡು ಮಗನ ಮನೆಗೆ ಬಂದರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಪೆಟ್ಟಿಗೆ ಬಿಟ್ಟರೆ ಹೊತ್ತು ತರುವಂಥದ್ದು ಬೇರೇನೂ ಇರಲಿಲ್ಲ.

ಮಗ ಅಡುಗೆಯವನು. ಊರಾಚೆಯ ಬಯಲಿನಲ್ಲಿರುವ ಸ್ಟೇಷನ್ನಿನ ಕ್ಯಾಂಟೀನು ಅವನ ಕೈಯಲ್ಲಿತ್ತು. ಸ್ಟೇಷನ್ ಎಂದರೆ ರೈಲಿನದೂ ಅಲ್ಲ, ಪೊಲೀಸರದೂ ಅಲ್ಲ. ಬಯಲ ನಡುವೆ ಎರಡು ಮಹಡಿಯ ಮನೆಯನ್ನು ಮೀರಿಸುವ ಒಂದು ಡಿಶ್ ಆಕಾಶಕ್ಕೆ ಬಾಯಿ ತೆರೆದುಕೊಂಡು ನಿಂತಿತ್ತು. ದೂರದ ನಕ್ಷತ್ರಗಳ ಸುತ್ತ ಸುತ್ತುವ ಗ್ರಹಗಳಲ್ಲಿ ಯಾರಾದರೂ ಇದ್ದಾರೆಯೇ, ಇದ್ದರೆ ಅವರ ರೇಡಿಯೋ ಸದ್ದೇನಾದರೂ ನಮ್ಮವರೆಗೆ ಬರುತ್ತದೆಯೇ ಎಂದು ಆಲಿಸುವುದೇ ಅಲ್ಲಿಯವರ ಕೆಲಸ. ಹಾಗೆ ಆಲಿಸುವವರಲ್ಲಿ ಒಬ್ಬಳು ಮೇಷ್ಟ್ರ ಸೊಸೆ. ಊಟ ಚೆನ್ನಾಗಿದೆ ಎಂದು ಹೇಳಲು ಕ್ಯಾಂಟೀನಿನ ಅಡುಗೆಮನೆಗೆ ಹೋದವಳು ಅಲ್ಲಿಯೇ ಮನಸ್ಸು ಬಿಟ್ಟು ಬಂದಳಂತೆ.

ಮೇಷ್ಟ್ರಿಗೆ ಮೊದಮೊದಲು ಸೊಸೆಯ ಕೆಲಸ ತಲೆಗೆ ಹತ್ತಲಿಲ್ಲ. ಬೆಳಿಗ್ಗೆ ಹೋಗುತ್ತಾಳೆ, ಸಂಜೆ ಸೋತು ಬರುತ್ತಾಳೆ. 'ಏನಾದ್ರೂ ಸಿಕ್ತೇನಮ್ಮ?' ಎಂದರೆ 'ಇಲ್ಲ ಮಾವ' ಎನ್ನುತ್ತಾಳೆ. ಅದೂ ಬೇಜಾರಿಲ್ಲದೆ! ತಮ್ಮ ಅಂಗಡಿಯಲ್ಲಿ ಯಾರಾದರೂ ದಿನವಿಡೀ ಕೂತು ಒಂದು ಮೋಟಾರನ್ನೂ ಎಬ್ಬಿಸದೆ ಹೀಗೆ ನಗುನಗುತ್ತ ಎದ್ದು ಹೋಗಿದ್ದರೆ ಮಾರನೆಯ ದಿನ ಒಳಗೆ ಸೇರಿಸುತ್ತಿರಲಿಲ್ಲ.

ಇಂಗ್ಲಿಷಿನ ವಿಷಯ ಶುರುವಾದದ್ದು ಊಟದ ಮೇಜಿನಲ್ಲಿ. ಸೊಸೆಯ ಜೊತೆ ಕೆಲಸ ಮಾಡುವವರು ಆಗಾಗ ಊಟಕ್ಕೆ ಬರುತ್ತಿದ್ದರು. ಒಬ್ಬೊಬ್ಬರದು ಒಂದೊಂದು ದೇಶ, ಹಾಗಾಗಿ ಮಾತೆಲ್ಲ ಇಂಗ್ಲಿಷಿನಲ್ಲೇ. ಅವರು ನಕ್ಕಾಗ ಮೇಷ್ಟ್ರೂ ನಗುತ್ತಿದ್ದರು, ಆದರೆ ಒಂದು ಗುಟುಕು ತಡವಾಗಿ. ಒಂದು ದಿನ ಪಕ್ಕದಲ್ಲಿ ಕೂತಿದ್ದ ಹೆಂಗಸು ಏನೋ ಹೇಳಿದಳು. ಇವರು ಈ ಸಲ ಹಿಂದೆ ಬೀಳಬಾರದೆಂದು ಎಲ್ಲರಿಗಿಂತ ಮೊದಲೇ ಗಹಗಹಿಸಿ ನಕ್ಕುಬಿಟ್ಟರು. ಮೇಜಿನ ಸುತ್ತ ಗಪ್‌ಚಿಪ್. ಮಗ ಮೇಜಿನಡಿ ಕಾಲು ತುಳಿದ. ಆಕೆ ಹೇಳಿದ್ದು ತನ್ನ ಅಜ್ಜಿಗೆ ಪಾರ್ಶ್ವವಾಯು ಬಡಿದ ಸುದ್ದಿ.

ಮಾರನೆಯ ದಿನ ಸಂಜೆ ಸೊಸೆ ತರಕಾರಿ ಹೆಚ್ಚುತ್ತಿದ್ದಾಗ ಮೇಷ್ಟ್ರು ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು.

"ನನಗೆ ಇಂಗ್ಲಿಷ್ ಕಲಿಸಮ್ಮ. ಈ ವಯಸ್ಸಲ್ಲಿ ಮರ್ಯಾದೆ ಕಳ್ಕೊಳ್ಳೋಕೆ ಆಗಲ್ಲ."

"ಅದಕ್ಕೇನು ಮಾವ, ಪುಸ್ತಕ ತರಿಸಿಕೊಡ್ತೀನಿ."

ಪುಸ್ತಕ ಬಂತು. ಅದರಲ್ಲಿ ಒಬ್ಬ ಮನುಷ್ಯ ಅಂಗಡಿಗೆ ಹೋಗಿ ಟೊಮ್ಯಾಟೊ ಬೆಲೆ ಕೇಳುತ್ತಿದ್ದ. ಮೇಷ್ಟ್ರು ನಾಲ್ಕಾರು ದಿನ ಅವನ ಬೆನ್ನು ಹತ್ತಿ, ಆಮೇಲೆ ಪುಸ್ತಕ ಮುಚ್ಚಿ ಸೊಸೆಯ ಮುಂದಿಟ್ಟರು.

"ಇವನು ವಾರದಿಂದ ಟೊಮ್ಯಾಟೊ ಕೇಳ್ತಾನೇ ಇದಾನೆ, ತಗೊಂಡು ಮನೆಗೆ ಹೋಗೋ ಲಕ್ಷಣ ಇಲ್ಲ. ಇವನ ಸಹವಾಸ ನನಗೆ ಬೇಡ. ನೀನು ಅಲ್ಲಿ ದಿನವಿಡೀ ಏನು ಮಾಡ್ತೀಯೋ ಅದನ್ನ ಹೇಳು. ಅದರಲ್ಲಿ ಎಷ್ಟು ಇಂಗ್ಲಿಷ್ ಬರುತ್ತೋ ಅಷ್ಟು ಸಾಕು."

ಸೊಸೆ ಚಾಕು ಕೆಳಗಿಟ್ಟು ನೋಡಿದಳು. ಮದುವೆಯಾದಂದಿನಿಂದ ಈ ಮನೆಯಲ್ಲಿ ಅವಳ ಕೆಲಸವೇನೆಂದು ಕೂತು ಕೇಳಿದವರು ಇವರೇ ಮೊದಲು. ಗಂಡ ಒಳ್ಳೆಯವನೇ, ಆದರೆ ನಕ್ಷತ್ರದ ಮಾತೆತ್ತಿದರೆ ಅವನಿಗೆ ನಿದ್ದೆ ಬರುತ್ತಿತ್ತು.

ಹಾಗೆ ಪಾಠ ಶುರುವಾಯಿತು. ದಿನಕ್ಕೊಂದು ಪದ. ಅವಳು ಪದ ಹೇಳಿ, ಅದು ತನ್ನ ಕೆಲಸದಲ್ಲಿ ಎಲ್ಲಿ ಬರುತ್ತದೆಂದು ವಿವರಿಸುವುದು. ಮಾರನೆಯ ದಿನ ಮೇಷ್ಟ್ರು ಅದೇ ಪದ ಹಾಕಿ ತಮ್ಮ ಬದುಕಿನದೊಂದು ವಾಕ್ಯ ಮಾಡಿ ತರುವುದು. ವ್ಯಾಕರಣ ಕೇಳುವ ಹಾಗಿಲ್ಲ, ಆದರೆ ಹೇಳಿದ್ದು ನಿಜವಾಗಿರಬೇಕು. ಇದು ಸೊಸೆಯ ಕಟ್ಟಪ್ಪಣೆ.

ಮೊದಲ ಪದ ಫೇಂಟ್. "ಇದ್ದೂ ಇಲ್ಲದ ಹಾಗೆ ಇರೋದು ಮಾವ. ನಾವು ಹುಡುಕ್ತಿರೋ ಸದ್ದು ಬಂದ್ರೂ ಹಾಗೇ ಬರುತ್ತೆ. ಅಷ್ಟು ದೂರದಿಂದ ಬರೋ ಹೊತ್ತಿಗೆ ಸವೆದು ಹೋಗಿರುತ್ತೆ." ಮೇಷ್ಟ್ರು ಮಾರನೆಯ ದಿನ ತಂದ ವಾಕ್ಯ: "ಫೇಂಟ್ ಸ್ಮೆಲ್ ಇನ್ ಮೋಟಾರ್, ಟುಮಾರೋ ಬಿಗ್ ಸ್ಮೋಕ್." ಸೊಸೆ ಬಿದ್ದು ಬಿದ್ದು ನಕ್ಕು ಪೂರ್ತಿ ಅಂಕ ಕೊಟ್ಟಳು. ಆಮೇಲೆ ನಾಯ್ಸ್ ಬಂತು, ಸಿಗ್ನಲ್ ಬಂತು, ಸದ್ದು ಹುಟ್ಟುವ ಜಾಗಕ್ಕೆ ಸೋರ್ಸ್, ಪುರಾವೆಗೆ ಎವಿಡೆನ್ಸ್ ಬಂತು. ಆಕಾಶ ಸುಮ್ಮನಿರುವುದಿಲ್ಲವಂತೆ; ನಕ್ಷತ್ರಗಳು, ಮೋಡಗಳಂಥ ಅನಿಲದ ರಾಶಿಗಳು ಎಲ್ಲವೂ ಸದ್ದು ಮಾಡುತ್ತಲೇ ಇರುತ್ತವಂತೆ. ಆ ಗದ್ದಲದ ನಡುವೆ ಯಾರೋ ಬೇಕೆಂದು ಆಡಿದ ಒಂದು ಮಾತನ್ನು ಹೆಕ್ಕಬೇಕಂತೆ. ಮಧ್ಯಾಹ್ನದ ಹೊತ್ತು ಕ್ಯಾಂಟೀನಿನಲ್ಲಿ ಎಲ್ಲರೂ ಒಟ್ಟಿಗೆ ಕೂಗುವಾಗ ಮಗ ಅದು ಹೇಗೆ ಒಬ್ಬೊಬ್ಬರ ಆರ್ಡರ್ ಹಿಡಿಯುತ್ತಾನೋ ಹಾಗೆ ಎಂದು ಮೇಷ್ಟ್ರು ಅರ್ಥ ಮಾಡಿಕೊಂಡರು.

ಪದಗಳ ಹಿಂದೆಯೇ ಸೊಸೆಯೂ ಅರ್ಥವಾಗುತ್ತ ಬಂದಳು. ಒಂದು ಸಂಜೆ ಅವಳು ಬಹಳ ಖುಷಿಯಿಂದ ಬಂದಳು.

"ಏನಮ್ಮ, ಸಿಕ್ತಾ?"

"ಸಿಕ್ಕಿತ್ತು ಮಾವ. ವಾರ ಪೂರ್ತಿ ಅದರ ಹಿಂದೇ ಇದ್ದೆ. ಇವತ್ತು ಗೊತ್ತಾಯ್ತು, ಅದು ವಿಮಾನದ್ದು."

"ಮತ್ತೆ ಈ ಖುಷಿ ಯಾಕೆ?"

"ನಾನೇ ಹಿಡಿದೆನಲ್ಲ! ಇವತ್ತಿನ ಪದ ಅದೇ. ರೂಲ್ ಔಟ್. ಇದಾಗಿರಬಹುದು, ಅದಾಗಿರಬಹುದು ಅನ್ನೋದನ್ನೆಲ್ಲ ಒಂದೊಂದಾಗಿ, ಕಾರಣ ಸಮೇತ, ಆಚೆ ಹಾಕೋದು. ಎಲ್ಲ ಹಾಕಿದ ಮೇಲೂ ಏನಾದ್ರೂ ಉಳೀತು ಅಂದ್ರೆ ಆಗ ಮಾತಾಡೋಣ."

ಮೇಷ್ಟ್ರು ಆ ದಿನ ಊಟ ಮಾಡುವಾಗಲೂ ಅದನ್ನೇ ಯೋಚಿಸಿದರು. ಮೋಟಾರು ಓಡದಿದ್ದರೆ ಮೊದಲು ಪ್ಲಗ್ಗು, ಆಮೇಲೆ ಫ್ಯೂಸು, ಆಮೇಲೆ ತಂತಿ ನೋಡುವುದು ಅವರಿಗೂ ಗೊತ್ತಿತ್ತು. ಆದರೆ ಓಡುವ ಮೋಟಾರನ್ನು ತಾನಾಗಿ ಬಿಚ್ಚಿ, ಎಲ್ಲಿ ಸೋಲುತ್ತದೆ ಎಂದು ಹುಡುಕಿ, ಸೋತರೆ ಸಂತೋಷಪಡುವವರನ್ನು ಅವರು ಕಂಡಿರಲಿಲ್ಲ. ಈ ಹುಡುಗಿಗೆ ತನ್ನ ಹೆಸರಿಗಿಂತ ನಿಜ ದೊಡ್ಡದು ಎಂದು ಅವರಿಗೆ ಅನ್ನಿಸಿತು. ಅಂದಿನಿಂದ ಅವರು 'ಏನಾದ್ರೂ ಸಿಕ್ತೇನಮ್ಮ' ಎಂದು ಕೇಳುವುದನ್ನು ಬಿಟ್ಟು 'ಇವತ್ತು ಏನನ್ನ ಆಚೆ ಹಾಕಿದೆ?' ಎಂದು ಕೇಳತೊಡಗಿದರು.

ಇಷ್ಟೆಲ್ಲ ಸರಿಯಾಗಿ ನಡೆಯುತ್ತಿದ್ದಾಗ ನೀರಿನ ತಾಪತ್ರಯ ಶುರುವಾಯಿತು. ಸ್ಟೇಷನ್ನಿನ ಗೇಟಿನೊಳಗೇ ಇದ್ದ ನೌಕರರ ಮನೆಗಳ ಸಾಲಿಗೆಲ್ಲ ಒಂದೇ ಟ್ಯಾಂಕು, ಅದು ಮೇಷ್ಟ್ರ ಮನೆಯ ತಾರಸಿಯ ಮೇಲೆ. ನೀರೆತ್ತುವ ಪಂಪು ದೂರದ ಶೆಡ್ಡಿನಲ್ಲಿ. ಯಾರೋ ಹೋಗಿ ಹಾಕಬೇಕು, ಯಾರೋ ಹೋಗಿ ಆರಿಸಬೇಕು. ಆ ಯಾರೋ ಎಂಬ ಪುಣ್ಯಾತ್ಮ ಯಾವತ್ತೂ ಸಮಯಕ್ಕೆ ಸಿಗುತ್ತಿರಲಿಲ್ಲ. ಒಮ್ಮೆ ಟ್ಯಾಂಕು ಉಕ್ಕಿ ಬೀದಿಯೆಲ್ಲ ಕೆಸರು. ಇನ್ನೊಮ್ಮೆ ಸೊಸೆ ಕೆಲಸದಿಂದ ಬಂದು ಮುಖಕ್ಕೆ ಸೋಪು ಹಚ್ಚಿಕೊಂಡ ಹೊತ್ತಿಗೆ ನಲ್ಲಿ ಗೊರಗೊರ ಎಂದು ಸುಮ್ಮನಾಯಿತು. ಅವಳು ಕಣ್ಣುಮುಚ್ಚಿ, ಕೈ ಚಾಚಿ, ಗೋಡೆ ಸವರುತ್ತ ಬರುವುದನ್ನು ನೋಡಿ ಮೇಷ್ಟ್ರ ಪಿತ್ತ ನೆತ್ತಿಗೇರಿತು. ಮನೆಯಲ್ಲಿ ಮೋಟಾರ್ ಮೇಷ್ಟ್ರಿದ್ದೂ ಇದೆಂಥ ಗತಿ!

ಪೇಟೆಗೆ ಹೋಗಿ ತಂತಿಯಿಲ್ಲದ ಕಾಲಿಂಗ್ ಬೆಲ್ ಒಂದನ್ನು ತಂದರು. ಬಾಗಿಲ ಬಳಿ ಗುಂಡಿ ಒತ್ತಿದರೆ ಒಳಗೆಲ್ಲೋ ಬೆಲ್ಲು ಹೊಡೆಯುತ್ತದಲ್ಲ, ಅಂಥದ್ದು. ಗುಂಡಿಯನ್ನು ಟ್ಯಾಂಕಿಗೆ ಕೂರಿಸಿದರು, ಬೆಲ್ಲಿನ ಭಾಗವನ್ನು ಪಂಪಿನ ಶೆಡ್ಡಿಗೆ ಕೂರಿಸಿದರು. ಟ್ಯಾಂಕು ತುಂಬಿ ತೇಲುಗುಂಡು ಮೇಲೆ ಬಂದರೆ ಗುಂಡಿ ಒತ್ತುತ್ತದೆ, ಅಲ್ಲಿ ಪಂಪು ನಿಲ್ಲುತ್ತದೆ. ನೀರಿಳಿದು ಗುಂಡಿ ಬಿಟ್ಟುಕೊಂಡರೆ ಪಂಪು ಮತ್ತೆ ಓಡುತ್ತದೆ. ಆದರೆ ಮೊದಲ ದಿನವೇ ಪಂಪು ಕಾರಣವಿಲ್ಲದೆ ಅರ್ಧಕ್ಕೇ ನಿಂತಿತು. ಯಾವುದೋ ದಾರಿಹೋಕ ರೇಡಿಯೋ ಸದ್ದನ್ನು ಶೆಡ್ಡಿನ ಬೆಲ್ಲು ತನ್ನದೆಂದುಕೊಂಡಿತ್ತು.

ಅಂದು ಸಂಜೆಯ ಪದ ಪ್ಯಾಟರ್ನ್. ಆಕಾಶ ತನ್ನಷ್ಟಕ್ಕೆ ಏನೇನೋ ಸದ್ದು ಮಾಡುತ್ತದೆ, ಆದರೆ ಒಂದೇ ಲೆಕ್ಕದಲ್ಲಿ ಹೇಳಿ, ತಡೆದು, ಮತ್ತೆ ಅದೇ ಲೆಕ್ಕದಲ್ಲಿ ಹೇಳುವ ಸದ್ದು ಕೇಳಿಸಿದರೆ ಕಿವಿ ನಿಮಿರಬೇಕು ಎಂದಳು ಸೊಸೆ. ಅದರ ಹಿಂದೆ ಯಾರೋ ಯೋಚನೆ ಮಾಡಿದವರು ಇರಬಹುದು. ಅಂಥವರಿಗೆ ಇಂಟೆಲಿಜೆಂಟ್ ಅನ್ನುತ್ತಾರೆ. ಕ್ಲಾಸಿಗೆ ಮೊದಲು ಬರುವುದಲ್ಲ, ಇನ್ನೊಬ್ಬರಿಗೆ ತಿಳಿಯಲಿ ಅಂತ ಯೋಚಿಸಿ ಏನಾದರೂ ಮಾಡುವುದು.

ಮೇಷ್ಟ್ರು ಪದವನ್ನು ಬಾಯಲ್ಲಿಟ್ಟುಕೊಂಡೇ ತಾರಸಿ ಹತ್ತಿದರು. ಹಳೆಯ ಗೋಡೆ ಗಡಿಯಾರದ ಚಕ್ರವೊಂದಕ್ಕೆ ಅರದಿಂದ ಉಜ್ಜಿ ಮೂರು ಹಲ್ಲು ಮಾಡಿದರು. ಅದು ತಿರುಗುತ್ತ ಗುಂಡಿಯನ್ನು ಮೂರು ಸಲ ಒತ್ತಬೇಕು, ತಡೆಯಬೇಕು, ಮತ್ತೆ ಮೂರು ಸಲ ಒತ್ತಬೇಕು. ಟ್ಯಾಂಕು ತುಂಬಿರುವಷ್ಟು ಹೊತ್ತೂ ಹೀಗೇ. ಶೆಡ್ಡಿನ ಕಡೆ ಮೂರಕ್ಕೆ ಮಾತ್ರ ಬಗ್ಗುವ ಕೊಂಡಿ ಇಟ್ಟರು. ಅಲ್ಲಿಂದ ಮುಂದೆ ನೀರು ನಿಂತದ್ದಿಲ್ಲ, ಉಕ್ಕಿದ್ದಿಲ್ಲ. ಪಂಪು ಹೇಗೆ ಸರಿಹೋಯಿತೆಂದು ಸೊಸೆ ಕೇಳಿದಾಗ "ರಿಪೇರಿ ಮಾಡಿದೆ ಕಣಮ್ಮ" ಎಂದರು. ಪ್ಯಾಟರ್ನ್ ಪದಕ್ಕೆ ತಕ್ಕ ವಾಕ್ಯ ಕೊಡುವಾಗ ಎಲ್ಲ ಒಟ್ಟಿಗೆ ಹೇಳಿ ಅವಳನ್ನು ಬೆರಗುಗೊಳಿಸಬೇಕೆಂದು ಇವರ ಆಸೆ.

ಸ್ಟೇಷನ್ನಿನ ಗೇಟಿನಲ್ಲಿ ಫೋನು, ರೇಡಿಯೋ, ಓವನ್ ಯಾವುದನ್ನೂ ಒಳಗೆ ತರಬಾರದೆಂಬ ಬೋರ್ಡು ಇತ್ತು. ಮೇಷ್ಟ್ರಿಗೆ ಅದು ಗೊತ್ತಿತ್ತು, ತಮ್ಮ ಫೋನನ್ನು ಬಂದ ದಿನವೇ ಗೇಟಿನಲ್ಲಿ ಒಪ್ಪಿಸಿದ್ದರು. ಆದರೆ ಮೋಟಾರಿನವರು ಯಾವುದನ್ನೂ ಅಳೆಯುವುದು ಹಾರ್ಸ್‌ಪವರಿನಲ್ಲಿ. ಅಂಗಿಯ ಗುಂಡಿಯಷ್ಟು ಬ್ಯಾಟರಿಯ, ಟಾರ್ಚಿನ ಬಲ್ಬನ್ನೂ ಹೊತ್ತಿಸಲಾಗದ ಒಂದು ಬೆಲ್ಲು ಅಷ್ಟು ದೊಡ್ಡ ಡಿಶ್ಶಿಗೆ ತೊಂದರೆ ಕೊಡಬಹುದೆಂಬುದು ಅವರ ಕನಸಿನಲ್ಲೂ ಸುಳಿಯಲಿಲ್ಲ. ದಿನವೂ ಫೇಂಟ್ ಫೇಂಟ್ ಎಂದು ಬಾಯಿಪಾಠ ಮಾಡಿದವರು ಇದೊಂದು ಕಡೆ ಎಡವಿದರು.

ಪ್ಯಾಟರ್ನ್ ಪದದ ವಾಕ್ಯ ಹೇಳುವ ಸಂಜೆ ಬರಲೇ ಇಲ್ಲ. ಸೊಸೆ ಮನೆಗೆ ಬರುವುದೇ ಕಡಿಮೆಯಾಯಿತು. ಬಂದರೂ ನಿಂತಲ್ಲೇ ಎರಡು ತುತ್ತು ತಿಂದು ಓಡುತ್ತಿದ್ದಳು. ಮಗ ಕ್ಯಾಂಟೀನಿನಿಂದ ಸುದ್ದಿ ತಂದ. ಅಲ್ಲಿ ಯಾರಿಗೂ ಊಟದ ಮೇಲೆ ಗಮನವಿಲ್ಲವಂತೆ, ಎಲ್ಲರೂ ಪಿಸುಗುಟ್ಟುತ್ತಿದ್ದಾರಂತೆ, ಹೊರಗಿನಿಂದ ದೊಡ್ಡ ದೊಡ್ಡವರು ನಾಳೆ ಬರುತ್ತಿದ್ದಾರಂತೆ.

"ಅಪ್ಪ, ಇವಳಿಗೇ ಸಿಕ್ಕಿದ್ದಂತೆ ಅದು! ಇವಳ ಹೆಸರು ಜಗತ್ತಿಗೆಲ್ಲ ಗೊತ್ತಾಗುತ್ತಂತೆ!" ಎಂದು ಅವನು ಮೇಲೆ ಕೆಳಗೆ ಹಾರಿದ. ನಕ್ಷತ್ರವೆಂದರೆ ಆಕಳಿಸುತ್ತಿದ್ದ ಮನುಷ್ಯ.

ಆ ಸಂಜೆ ಸೊಸೆ ಬಂದು ಊಟಕ್ಕೆ ಕೂತಳು. ಹಾರಾಡಲಿಲ್ಲ. ಬಳಲಿದ್ದಳು, ಆದರೆ ಅವಳ ಕಣ್ಣು ಹೊಳೆಯುತ್ತಿತ್ತು.

"ಇನ್ನೂ ಕ್ಯಾಂಡಿಡೇಟ್ ಅಷ್ಟೇ ಮಾವ. ಅದೇ ಹೌದು ಅಂತ ಹೇಳೋಕಾಗಲ್ಲ, ಅಲ್ಲ ಅಂತಲೂ ಹೇಳೋಕಾಗಲ್ಲ. ವಿಮಾನ ಅಲ್ಲ, ಉಪಗ್ರಹ ಅಲ್ಲ, ನಮ್ಮ ಯಂತ್ರದ್ದೂ ಅಲ್ಲ. ಒಂದೇ ಒಂದು ನಕ್ಷತ್ರದ ಕಡೆ ಡಿಶ್ ತಿರುಗಿಸಿದ್ರೆ ಕೇಳಿಸುತ್ತೆ. ಪಕ್ಕಕ್ಕೆ ತಿರುಗಿಸಿದ್ರೆ ಇಲ್ಲ. ಮತ್ತೆ ಅದರ ಕಡೆ ತಿರುಗಿಸಿದ್ರೆ ಇದೆ."

"ಹೇಗಿದೆಯಮ್ಮ ಸದ್ದು?"

ಅವಳು ಬೆರಳಿನಿಂದ ಮೇಜು ಕುಟ್ಟಿದಳು. ಮೂರು ಸಲ. ತಡೆದಳು. ಮತ್ತೆ ಮೂರು ಸಲ.

ಮೇಷ್ಟ್ರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಆ ತಡೆ ಎಷ್ಟು ಹೊತ್ತಿನದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಅರದಿಂದ ಉಜ್ಜಿ ಮಾಡಿದವರು ಅವರೇ.

ಬೆಳಕು ಹರಿಯುತ್ತಲೇ ತಾರಸಿ ಹತ್ತಿದರು. ಟ್ಯಾಂಕು ತುಂಬಿತ್ತು. ಗಡಿಯಾರದ ಚಕ್ರ ಯಾವ ಪಾಪವೂ ಅರಿಯದ ಹಾಗೆ ತಿರುಗುತ್ತ, ಗುಂಡಿ ಒತ್ತುತ್ತ, ತಡೆಯುತ್ತ, ಒತ್ತುತ್ತ ಇತ್ತು. ದೂರದಲ್ಲಿ ಡಿಶ್ ಕಾಣುತ್ತಿತ್ತು. ಮೇಷ್ಟ್ರು ನೋಡುತ್ತಿರುವಂತೆಯೇ ಅದು ನಿಧಾನವಾಗಿ ವಾಲಿ, ಅದರ ಒಂದು ಅಂಚು ಮನೆಗಳ ಸಾಲಿನ ಕಡೆಗೆ ಬಾಗಿ ನಿಂತಿತು. ಆ ನಕ್ಷತ್ರವನ್ನು ನೋಡುವಾಗ ಮಾತ್ರ ಹಾಗೆ ಬಾಗುತ್ತದೆಂದು ಈಗ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬ್ಯಾಟರಿಯ ಮೇಲೆ ಬೆರಳಿಟ್ಟರು. ಕಿತ್ತರೆ ಮುಗಿಯಿತು. ಚಕ್ರವನ್ನು ಪೆಟ್ಟಿಗೆಗೆ ಹಾಕಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಸದ್ದು ನಿಂತುಹೋಗುತ್ತದೆ, ಒಮ್ಮೆ ಕೇಳಿ ಮತ್ತೆ ಕೇಳಿಸದ ಆ ಸದ್ದಿನ ಜೊತೆ ಸೊಸೆಯ ಹೆಸರು ಉಳಿಯುತ್ತದೆ. ಅಲ್ಲವೆಂದು ತೋರಿಸಲು ಜಗತ್ತಿನಲ್ಲಿ ಯಾರಿಂದಲೂ ಆಗುವುದಿಲ್ಲ. ಇಷ್ಟು ವರ್ಷ ಬರಿಗೈಯಲ್ಲಿ ಮನೆಗೆ ಬಂದ ಹುಡುಗಿ. ಅವಳಿಗೆ ಇಷ್ಟಾದರೂ ಸಿಗಲಿ ಎಂದು ಮನಸ್ಸು ಹೇಳಿತು. ಮಾವನಾದವನು ಸೊಸೆಗೆ ಏನು ಕೊಟ್ಟೆ ಎಂದರೆ ಇದನ್ನು ಕೊಟ್ಟೆ ಎಂದುಕೊಳ್ಳಬಹುದು.

ಆಮೇಲೆ ಅವರಿಗೆ ಇನ್ನೊಂದು ಕಾಣಿಸಿತು. ಸದ್ದು ನಿಂತರೆ ಇವಳು ಸುಮ್ಮನಾಗುವವಳಲ್ಲ. ಅದು ಮತ್ತೆ ಬರುತ್ತದೆಂದು ನಾಳೆಯೂ ಕೂರುತ್ತಾಳೆ, ನಾಡಿದ್ದೂ ಕೂರುತ್ತಾಳೆ. ಕೂದಲು ನೆರೆತರೂ ಕೂರುತ್ತಾಳೆ. ತನ್ನ ಪೆಟ್ಟಿಗೆಯೊಳಗೆ ಬಿದ್ದಿರುವ ಮೂರು ಹಲ್ಲಿನ ಚಕ್ರವೊಂದನ್ನು ಆಕಾಶದಲ್ಲಿ ಹುಡುಕುತ್ತ ಇಡೀ ಆಯಸ್ಸು ಸವೆಸುತ್ತಾಳೆ. ಇವರು ಎದುರಿಗೆ ಕೂತು ಊಟ ಮಾಡುತ್ತ ನೋಡುತ್ತಿರಬೇಕು. ಬ್ಯಾಟರಿಯಿಂದ ಬೆರಳು ತೆಗೆದು, ಎಲ್ಲವನ್ನೂ ಇದ್ದ ಹಾಗೆಯೇ ಬಿಟ್ಟು, ಕೆಳಗಿಳಿದರು.

ಕಂಟ್ರೋಲ್ ರೂಮಿನ ಬಾಗಿಲಲ್ಲಿ ಸ್ಟೇಷನ್ನಿನ ಡೈರೆಕ್ಟರ್ ನಿಂತಿದ್ದರು. ಒಳಗೆ ಅತಿಥಿಗಳು ಆಗಲೇ ಬಂದು ಕೂತಿದ್ದರು. ಸೊಸೆ ಗಾಜಿನಾಚೆ, ಪರದೆಯ ಮುಂದೆ ಇದ್ದಳು. ಡೈರೆಕ್ಟರ್‌ಗೆ ಇವರ ಭಾಷೆ ಬರುತ್ತಿರಲಿಲ್ಲ. ಹೊರಗಿನವರು ಒಳಗೆ ಬರುವ ಹಾಗಿಲ್ಲವೆಂದು ಅವರು ನಯವಾಗಿಯೇ ಕೈ ಅಡ್ಡ ಹಿಡಿದರು. ಮೇಷ್ಟ್ರು ಅಂಗಿ ಸರಿಮಾಡಿಕೊಂಡರು. ಊಟದ ಮೇಜಿನಲ್ಲಿ ನಗಲು ಕಲಿತ ಇಂಗ್ಲಿಷು ಇಂಥ ಹೊತ್ತಿನಲ್ಲಿ ಮೊದಲ ಸಲ ಬಾಯಿಗೆ ಬರಬೇಕಾಯಿತು.

"ಸರ್. ಸಿಗ್ನಲ್ ನಾಟ್ ಸ್ಟಾರ್. ಲೋಕಲ್ ಸೋರ್ಸ್. ಮೈ ಹೌಸ್, ವಾಟರ್ ಟ್ಯಾಂಕ್. ಐ ಮೇಡ್." ಉಸಿರು ಎಳೆದುಕೊಂಡು ಇನ್ನೊಂದು ಮಾತು ಸೇರಿಸಿದರು. "ಐ ಹ್ಯಾವ್ ಎವಿಡೆನ್ಸ್."

ಡೈರೆಕ್ಟರ್ ಮುಖದ ಬಣ್ಣ ಇಳಿಯಿತು. ಕೈ ತೆಗೆದು ದಾರಿ ಬಿಟ್ಟರು.

ಸೊಸೆಗೆ ಮೇಷ್ಟ್ರು ತಮ್ಮ ಮಾತಿನಲ್ಲೇ ಎಲ್ಲ ಹೇಳಿದರು. ಬೆಲ್ಲು, ತೇಲುಗುಂಡು, ಮೂರು ಹಲ್ಲು. ಅವಳು ಕೇಳುತ್ತ ಕೇಳುತ್ತ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಒಂದು ಕ್ಷಣ ಅವಳ ಮುಖ ಸಣ್ಣ ಮಗುವಿನದಾಯಿತು. ಮೇಷ್ಟ್ರಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಆದರೆ ಅವಳು ತಲೆಯೆತ್ತಿದಾಗ ಅವಳ ದನಿ ದಿನವೂ ಪಾಠ ಹೇಳುವ ದನಿಯೇ ಆಗಿತ್ತು.

"ನಿಮ್ಮ ಮಾತು ನಂಬ್ತೀನಿ ಮಾವ. ಆದ್ರೆ ನಂಬಿದ್ರೆ ಸಾಲದು. ಬ್ಯಾಟರಿ ಕಿತ್ತು ನೋಡಬೇಕು, ಹಾಕಿ ನೋಡಬೇಕು. ನೀವು ತಾರಸಿಗೆ ಹೋಗಿ. ನಾನು ಇಲ್ಲಿ ಕೇಳ್ತೀನಿ."

ಫೋನಿಲ್ಲದ ಜಾಗದಲ್ಲಿ ತಾರಸಿಗೂ ಕಂಟ್ರೋಲ್ ರೂಮಿಗೂ ಸುದ್ದಿ ಮುಟ್ಟಿಸುವುದು ಹೇಗೆ? ಮಗನನ್ನು ಕ್ಯಾಂಟೀನಿನಿಂದ ಎಳೆದು ತಂದರು. ಅವನು ನಡುದಾರಿಯಲ್ಲಿ ಒಂದು ಕಲ್ಲಿನ ಮೇಲೆ ನಿಂತು, ಕಿಟಕಿಯಲ್ಲಿ ಸೊಸೆ ಕೈಯೆತ್ತಿದಾಗಲೆಲ್ಲ ತನ್ನ ಅಡುಗೆಯ ಏಪ್ರನ್ ಬೀಸುವುದೆಂದಾಯಿತು. ಹೆಂಡತಿಯ ಕೀರ್ತಿಗೆ ತಾನೇ ತೆರೆ ಎಳೆಯುತ್ತಿದ್ದೇನೆಂದು ಗೊತ್ತಿದ್ದೂ ಆ ಪಾಪದವನು ಸರಿಯಾಗಿ ಬೀಸಿದ.

ಏಪ್ರನ್ ಹಾರಿತು, ಮೇಷ್ಟ್ರು ಬ್ಯಾಟರಿ ತೆಗೆದರು. ಏಪ್ರನ್ ಹಾರಿತು, ಹಾಕಿದರು. ಮತ್ತೆ ತೆಗೆದರು. ಇಷ್ಟು ಸಾಕೆಂದು ಅವರು ಎದ್ದು ನಿಂತರೆ ಏಪ್ರನ್ ಮತ್ತೆ ಹಾರಿತು. ಸೊಸೆ ಇನ್ನೊಂದು ಸಲ ಕೇಳುತ್ತಿದ್ದಳು. ಸಾಕು ಎಂದು ಅಲ್ಲಿ ಯಾರಾದರೂ ಹೇಳಿರುತ್ತಾರೆ, ಅತಿಥಿಗಳು ಹೇಳಿರುತ್ತಾರೆ, ಡೈರೆಕ್ಟರ್ ಕೂಡ ಹೇಳಿರುತ್ತಾರೆ. ಒಂದೊಂದು ಸಲವೂ ಅವಳಿಗೆ ಎಷ್ಟು ನೋಯುತ್ತಿದೆಯೆಂದು ಮೇಷ್ಟ್ರಿಗೆ ಗೊತ್ತಿತ್ತು. ಆದರೂ ಅವಳು ಕೇಳುತ್ತಿದ್ದಳು. ಬಿಸಿಲಿನಲ್ಲಿ ಟ್ಯಾಂಕಿನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು, ಬ್ಯಾಟರಿ ಹಾಕುತ್ತ ತೆಗೆಯುತ್ತ, ಮೇಷ್ಟ್ರು ಅತ್ತರು. ದುಃಖಕ್ಕೆ ಅರ್ಧ, ಇಂಥವಳು ತಮ್ಮ ಮನೆಗೆ ಬಂದಳಲ್ಲ ಎಂಬುದಕ್ಕೆ ಅರ್ಧ.

ಅವರು ಕಂಟ್ರೋಲ್ ರೂಮಿಗೆ ಮರಳಿದಾಗ ಸೊಸೆ ಅತಿಥಿಗಳ ಮುಂದೆ ನಿಂತು ಮಾತಾಡುತ್ತಿದ್ದಳು. ಇಂಗ್ಲಿಷಿನಲ್ಲಿ. ಮೇಷ್ಟ್ರು ಬಾಗಿಲಲ್ಲೇ ನಿಂತರು. ಸೋರ್ಸ್ ಬಂತು, ರೂಲ್ ಔಟ್ ಬಂತು, ಫೇಂಟ್ ಬಂತು, ಎಲ್ಲವೂ ತರಕಾರಿ ಹೆಚ್ಚುವ ಮಣೆಯ ಮುಂದೆ ಕೇಳಿದ ಪದಗಳು. ಪರಿಚಯದ ಮುಖಗಳು ಒಂದೊಂದಾಗಿ ಎದುರಾದ ಹಾಗೆ ಅವಳ ಮಾತು ಪೂರ್ತಿಯಾಗಿ ಅವರಿಗೆ ತಿಳಿಯುತ್ತ ಹೋಯಿತು.

ಅವಳು ಹೇಳುತ್ತಿದ್ದದ್ದು ಇದು. ನಾವು ಹಿಡಿದ ಸಿಗ್ನಲ್ ನಕ್ಷತ್ರದ್ದಲ್ಲ. ಅಂಗಿಯ ಗುಂಡಿಯಷ್ಟು ಬ್ಯಾಟರಿಯದು. ಅಂದರೆ ನಮ್ಮ ಡಿಶ್ಶಿನ ಕಿವಿ ಎಷ್ಟು ಚುರುಕೆಂದು ಇವತ್ತು ಗೊತ್ತಾಯಿತು. ಇನ್ನೊಂದು ಮಾತು. ಆ ಪ್ಯಾಟರ್ನ್ ಆಕಸ್ಮಿಕವಲ್ಲ, ಅದನ್ನು ಯೋಚಿಸಿಯೇ ಯಾರೋ ಮಾಡಿದ್ದಾರೆ ಎಂದು ನಾನು ಮೊದಲ ದಿನ ಹೇಳಿದ್ದೆ. ಅದನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಸೋರ್ಸ್ ಇಂಟೆಲಿಜೆಂಟ್ ಆಗಿಯೇ ಇತ್ತು. ಬಾಗಿಲಲ್ಲಿ ನಿಂತಿದ್ದಾರೆ, ನೋಡಿ.

ಎಲ್ಲರೂ ತಿರುಗಿ ನೋಡಿದರು. ಮೇಷ್ಟ್ರಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬಟ್ಟೆಯಲ್ಲಿ ಒರೆಸಿಕೊಂಡು ಮುಗಿದುಬಿಟ್ಟರು.

ಅತಿಥಿಗಳು ಬಂದ ವಾಹನದಲ್ಲೇ ಹೊರಟುಹೋದರು. ಸಂಜೆ ಮಾವ ಸೊಸೆ ಮನೆಯ ಕಡೆಗೆ ನಡೆದರು. ಅರ್ಧ ದಾರಿಯವರೆಗೆ ಅವಳು ಗಟ್ಟಿಯಾಗಿದ್ದಳು. ಆಮೇಲೆ ರಸ್ತೆಯ ಪಕ್ಕದ ಕಟ್ಟೆಯ ಮೇಲೆ ಕೂತು, ಮುಖ ಮುಚ್ಚಿಕೊಂಡು, ಜೋರಾಗಿ ಅತ್ತಳು. ಮೇಷ್ಟ್ರು ಪಕ್ಕದಲ್ಲಿ ಕೂತರು. ಸಮಾಧಾನ ಹೇಳುವ ಯೋಗ್ಯತೆ ತಮಗಿಲ್ಲವೆಂದು ಅವರಿಗೆ ಗೊತ್ತಿತ್ತು.

ಅಳು ನಿಂತ ಮೇಲೆ ಹೇಳಿದರು: "ಕಿತ್ತು ಬಚ್ಚಿಡೋಣ ಅಂತ ಬ್ಯಾಟರಿ ಮೇಲೆ ಕೈಯಿಟ್ಟಿದ್ದೆ ಕಣಮ್ಮ. ನಿನ್ನ ಹೆಸರು ಉಳಿಯುತ್ತಲ್ಲ ಅಂತ."

ಸೊಸೆ ಗಾಬರಿಯಿಂದ ಅವರ ಮುಖ ನೋಡಿದಳು. ಕಣ್ಣೊರೆಸಿಕೊಂಡಳು.

"ಬಚ್ಚಿಡದೇ ಇದ್ದಿದ್ದು ದೊಡ್ಡ ಉಪಕಾರ ಮಾವ" ಎಂದಳು. ಅದು ಬಾಯಿ ಮಾತಿನ ಉಪಚಾರವಾಗಿರಲಿಲ್ಲ.



"ನಾಳೆ ರಜಾ ಹಾಕಮ್ಮ. ಮಲಗು."

"ಇಲ್ಲ, ಬೆಳಿಗ್ಗೆ ಬೇಗ ಹೋಗಬೇಕು. ಆ ನಕ್ಷತ್ರ ನೋಡಬೇಕು."

"ಅದೇ ನಕ್ಷತ್ರಾನಾ? ಅಲ್ಲಿ ಏನೂ ಇಲ್ಲ ಅಂತ ಇವತ್ತು ಆಯ್ತಲ್ಲಮ್ಮ."

"ಇಲ್ಲ ಅಂತ ಎಲ್ಲಾಯ್ತು ಮಾವ?" ಸೊಸೆ ಎದ್ದು ಸೆರಗು ಕೊಡವಿಕೊಂಡಳು. "ಇಷ್ಟು ದಿನ ನಿಮ್ಮ ಬೆಲ್ಲಿನ ಗಲಾಟೆಯಲ್ಲಿ ಆ ಕಡೆಯಿಂದ ಯಾರಾದ್ರೂ ಕರೆದಿದ್ರೂ ನಮಗೆ ಕೇಳಿಸ್ತಿರಲಿಲ್ಲ. ಇನ್ನು ಕೇಳಬಹುದು."